ರಾಯ್ ಆರ್ಬಿಸನ್ ನಿಂತಲ್ಲೇ ನಿಂತು ಹಾಡಿದ ರಾತ್ರಿ

ಪುಟ್ಟಾ, ನಿನ್ನೆ ರಾತ್ರಿ ನೀನು ಗ್ರೂಪಿನಲ್ಲಿ ಕೇಳಿದ್ದನ್ನು ಈಗಷ್ಟೇ ನೋಡಿದೆ. ಅಮೆರಿಕದ ರಾಕ್ ಗಾಯಕ ರಾಯ್ ಆರ್ಬಿಸನ್ ಅವರ 'ಬ್ಲ್ಯಾಕ್ ಅಂಡ್ ವೈಟ್ ನೈಟ್' ಕಾರ್ಯಕ್ರಮದ ರೆಕಾರ್ಡಿಂಗ್ ಪೂರ್ತಿ ನೋಡಿದೆಯಂತೆ. "ಮನುಷ್ಯ ಒಂದು ಹೆಜ್ಜೆ ಆಚೀಚೆ ಇಡಲ್ಲ, ಕಪ್ಪು ಕನ್ನಡಕ ತೆಗೆಯಲ್ಲ, ಇದಕ್ಕೆ ಯಾಕೆ ಇಷ್ಟು ಹೆಸರು?" ಅಂತ ಕೇಳಿದ್ದೀಯ. ಅದರ ಕೆಳಗೆ ಭಾವ "ವಯಸ್ಸಾದ ಮೇಲೆ ಅಷ್ಟೇ ಆಗೋದು" ಅಂತ ಬರೆದಿದ್ದಾರೆ. ಇಬ್ಬರಿಗೂ ಸೇರಿಸಿ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಕೇಳಿ.

ಭಾವ, ಮೊದಲು ವಯಸ್ಸಿನ ಮಾತು. ಅದು ರೆಕಾರ್ಡ್ ಆಗಿದ್ದು 1987ರ ಸೆಪ್ಟೆಂಬರ್ 30ರಂದು, ಲಾಸ್ ಏಂಜಲೀಸಿನ ಅಂಬಾಸಡರ್ ಹೋಟೆಲಿನ ಕೋಕೋನಟ್ ಗ್ರೋವ್ ಕ್ಲಬ್ಬಿನಲ್ಲಿ. ಆರ್ಬಿಸನ್ ಹುಟ್ಟಿದ್ದು 1936ರಲ್ಲಿ, ಅಂದರೆ ಆಗ ಅವರಿಗೆ 51. ಸುಮಾರು ಹತ್ತು ವರ್ಷದ ಹಿಂದೆಯೇ ಹೃದಯಕ್ಕೆ ಬೈಪಾಸ್ ಆಪರೇಷನ್ ಆಗಿತ್ತು, ನಿಜ. ಆದರೆ ನಿಂತಲ್ಲೇ ನಿಲ್ಲುವುದು ಅದರಿಂದ ಬಂದ ಅಭ್ಯಾಸ ಅಲ್ಲ. 1963ರಲ್ಲಿ ಬೀಟಲ್ಸ್ ಜೊತೆ ಬ್ರಿಟನ್ ಪ್ರವಾಸ ಹೋದಾಗ ಅವರಿಗಿನ್ನೂ 27. ಆಗಲೂ ಹೀಗೇ ಕಪ್ಪು ಕನ್ನಡಕ ಹಾಕಿಕೊಂಡು, ಮೈಕಿನ ಮುಂದೆ ಕಂಬದ ಹಾಗೆ ನಿಂತೇ ಹಾಡಿದವರು. ಸುತ್ತ ಎಲ್ಲರೂ ಕುಣಿಯುತ್ತಿದ್ದ ಕಾಲದಲ್ಲಿ ಅವರು ಆರಿಸಿಕೊಂಡ ರೀತಿ ಅದು.

ಹಾಗಾದರೆ ಏನು ನೋಡಬೇಕು ಅಂತ ಕೇಳ್ತೀಯ ಅಲ್ವಾ ಪುಟ್ಟಾ? ಬಾಯಿ ನೋಡು. ಎಷ್ಟು ಎತ್ತರದ ಸ್ವರಕ್ಕೆ ಹೋದರೂ ತುಟಿ ಹೆಚ್ಚು ತೆರೆಯುವುದೇ ಇಲ್ಲ. ಮುಖದಲ್ಲಿ ಕಷ್ಟಪಡುವ ಗುರುತು ಇಲ್ಲ. ಆದರೆ ಕಣ್ಣು ಮುಚ್ಚಿಕೊಂಡು ಕೇಳಿದರೆ ಅಷ್ಟು ದೊಡ್ಡ ದನಿ. ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುವುದಿಲ್ಲ.

'ರನ್ನಿಂಗ್ ಸ್ಕೇರ್ಡ್' ಹಾಡನ್ನೇ ತೆಗೆದುಕೋ. ನನಗೆ ಇಡೀ ರಾತ್ರಿಯಲ್ಲಿ ಅದೇ ತೂಕದ ಹಾಡು. ಎರಡು ನಿಮಿಷ ಚಿಲ್ಲರೆ, ಅಷ್ಟೇ. ಅದಕ್ಕೆ ಪಲ್ಲವಿ ಇಲ್ಲ, ಮತ್ತೆ ಮತ್ತೆ ಬರುವ ಸಾಲೇ ಇಲ್ಲ. ಗಿಟಾರ್ ಮೆಲ್ಲಗೆ ಒಂದೇ ತಾಳ ಹಿಡಿಯುತ್ತದೆ, ಯಾರೋ ಹಿಂದಿನಿಂದ ನಡೆದು ಬರುತ್ತಿರುವ ಹಾಗೆ. ಕತೆ ಇಷ್ಟು: ಪ್ರೀತಿಸಿದವಳ ಹಳೆಯ ಗೆಳೆಯ ವಾಪಸ್ ಬಂದುಬಿಟ್ಟರೆ ಏನು ಗತಿ ಅನ್ನುವ ಭಯ. ಅವನು ಬಂದೇ ಬಿಡುತ್ತಾನೆ. ಅವಳು ಯಾರ ಜೊತೆ ಹೋಗುತ್ತಾಳೆ? ಉತ್ತರ ಬರುವುದು ಕಟ್ಟಕಡೆಯ ಸಾಲಿನಲ್ಲಿ, ಹಾಡಿನ ಅತಿ ಎತ್ತರದ ಸ್ವರದ ಮೇಲೆ. ಅಲ್ಲಿಗೆ ಹಾಡೂ ಮುಗಿಯಿತು. ಅಲ್ಲಿಯವರೆಗೆ ದನಿ ಒಂದೊಂದೇ ಮೆಟ್ಟಿಲು ಹತ್ತುತ್ತಾ ಹೋಗುತ್ತದೆ, ಒಂದು ಸಲವೂ ಇಳಿದು ಸುಧಾರಿಸಿಕೊಳ್ಳುವುದಿಲ್ಲ. ಆ ಕೊನೆಯ ಸ್ವರವನ್ನು ಎಷ್ಟೋ ಗಾಯಕರು ಕಳ್ಳದನಿಯಲ್ಲಿ ಮುಟ್ಟಿ ಬಿಟ್ಟುಬಿಡುತ್ತಾರೆ. ಇವರು ತುಂಬು ಕಂಠದಲ್ಲೇ ಹಿಡಿಯುತ್ತಾರೆ. ಹಾಡು ಬಂದಿದ್ದು 1961ರಲ್ಲಿ. 26 ವರ್ಷ ಆದ ಮೇಲೆ, ವೇದಿಕೆಯ ಮೇಲೆ, ಜನರೆದುರು! ಭಾವ, ಇದನ್ನು "ಅಷ್ಟೇ ಆಗೋದು" ಅಂತ ಹೇಳಲು ನನಗೆ ಮನಸ್ಸು ಬರಲ್ಲ.

'ಇನ್ ಡ್ರೀಮ್ಸ್' ಕೂಡ ಹೀಗೇ. ಶುರುವಿನಲ್ಲಿ ಹಾಡುವುದಿಲ್ಲ, ಹೆಚ್ಚುಕಡಿಮೆ ಮಾತಾಡುತ್ತಾರೆ. ಆಮೇಲೆ ಒಂದಾದ ಮೇಲೆ ಒಂದು ಹೊಸ ಭಾಗ, ಹಿಂದಿನದಕ್ಕೆ ವಾಪಸ್ ಬರುವುದೇ ಇಲ್ಲ. 1963ರ ಹಾಡು ಅದು. 1986ರಲ್ಲಿ ಡೇವಿಡ್ ಲಿಂಚ್ ಅವರ 'ಬ್ಲೂ ವೆಲ್ವೆಟ್' ಸಿನಿಮಾದಲ್ಲಿ ಬಂದ ಮೇಲೆ ಹೊಸ ತಲೆಮಾರಿನ ಕಿವಿಗೆ ಬಿತ್ತು. ಮರೆಯಾಗಿದ್ದ ಆರ್ಬಿಸನ್‌ರನ್ನು ಜನ ಮತ್ತೆ ಹುಡುಕಿಕೊಂಡು ಬಂದ ಹೊತ್ತು. ಈ ಕಾರ್ಯಕ್ರಮ ನಡೆದಿದ್ದು ಅದರ ಮರುವರ್ಷ.

ಇನ್ನು ಸುತ್ತ ನಿಂತವರು. ಬ್ರೂಸ್ ಸ್ಪ್ರಿಂಗ್‌ಸ್ಟೀನ್, ಎಲ್ವಿಸ್ ಕಾಸ್ಟೆಲೊ, ಟಾಮ್ ವೇಟ್ಸ್, ಬಾನಿ ರೇಟ್, ಜಾಕ್ಸನ್ ಬ್ರೌನ್, ಕೆ.ಡಿ. ಲ್ಯಾಂಗ್. ತಮ್ಮ ತಮ್ಮ ಹೆಸರಿನಲ್ಲೇ ಹಾಡಿ ಗೆದ್ದವರು ಇವರೆಲ್ಲ. ಅವತ್ತು ಒಬ್ಬರಿಗೂ ಮುಂದೆ ಬರುವ ಆಸೆ ಇಲ್ಲ. ಸ್ಪ್ರಿಂಗ್‌ಸ್ಟೀನ್ ಆಗ ಅಮೆರಿಕದ ದೊಡ್ಡ ರಾಕ್ ತಾರೆ. 1975ರಲ್ಲೇ ತಮ್ಮ ಹಾಡೊಂದರಲ್ಲಿ ಆರ್ಬಿಸನ್ ಹೆಸರು ತಂದವರು. 1987ರ ಜನವರಿಯಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಆರ್ಬಿಸನ್‌ರನ್ನು ಬರಮಾಡಿಕೊಂಡವರೂ ಅವರೇ. ಇಲ್ಲಿ ಪಕ್ಕದಲ್ಲಿ ನಿಂತು ಗಿಟಾರ್ ನುಡಿಸುತ್ತಾ ಕೋರಸ್ ಹೇಳುತ್ತಾರೆ. ಮುಖ ನೋಡಿದರೆ ಮೇಷ್ಟ್ರ ಪಕ್ಕ ನಿಂತ ಹುಡುಗನ ಹಾಗೆ. 'ಕ್ರೈಯಿಂಗ್' ಹಾಡನ್ನು ಅದೇ ವರ್ಷ ಆರ್ಬಿಸನ್ ಜೊತೆ ಡ್ಯುಯೆಟ್ ಹಾಡಿದ ಕೆ.ಡಿ. ಲ್ಯಾಂಗ್ ಅವರಂತೂ ಹಿಂದಿನ ಕೋರಸ್‌ನಲ್ಲಿ ಒಬ್ಬರು.

ತಾಳ ಹಿಡಿದವರ ಬಗ್ಗೆ ನೀನು ಏನೂ ಬರೆದಿಲ್ಲ, ಅದಕ್ಕೇ ಹೇಳುತ್ತೇನೆ. ಗಿಟಾರ್ ಜೇಮ್ಸ್ ಬರ್ಟನ್, ಬೇಸ್ ಜೆರಿ ಶೆಫ್, ಡ್ರಮ್ಸ್ ರಾನ್ ಟಟ್, ಪಿಯಾನೊ ಗ್ಲೆನ್ ಹಾರ್ಡಿನ್. ಎಲ್ಲರೂ ಎಲ್ವಿಸ್ ಪ್ರೆಸ್ಲಿಯ ಜೊತೆ ನುಡಿಸಿದವರು. ಆರ್ಬಿಸನ್ ಉಸಿರು ತೆಗೆದುಕೊಳ್ಳುವ ಜಾಗವನ್ನು ಇವರು ತುಂಬಲು ಹೋಗುವುದಿಲ್ಲ, ಸುಮ್ನೆ ಬಿಡುತ್ತಾರೆ. ದನಿ ಅಷ್ಟು ನಿರಾಳವಾಗಿ ಕೇಳಿಸುವುದಕ್ಕೆ ಅರ್ಧ ಕಾರಣ ಅದೇ.

ಕೊರತೆಯೂ ಇದೆ, ಇಲ್ಲ ಅಂತ ಹೇಳಲ್ಲ. 'ಕ್ಯಾಂಡಿ ಮ್ಯಾನ್', 'ಅಪ್‌ಟೌನ್' ನನಗೆ ಸಾಧಾರಣ ಅನ್ನಿಸಿದವು. ಕ್ಯಾಮೆರಾ ಅತಿಥಿಗಳ ಕಡೆ ಜಾಸ್ತಿ ತಿರುಗುತ್ತದೆ. ದನಿ ಮೇಲಕ್ಕೆ ಏರುತ್ತಿರುವಾಗಲಾದರೂ ಆರ್ಬಿಸನ್ ಮೇಲೆಯೇ ನಿಲ್ಲಬೇಕಿತ್ತು. 'ಓ ಪ್ರೆಟಿ ವುಮನ್' 1964ರ ರೆಕಾರ್ಡಿನಲ್ಲಿ ಮೂರು ನಿಮಿಷದೊಳಗೆ ಮುಗಿಯುತ್ತದೆ. ಇಲ್ಲಿ ಕೊನೆಯಲ್ಲಿ ಬರ್ಟನ್ ಮತ್ತು ಸ್ಪ್ರಿಂಗ್‌ಸ್ಟೀನ್ ಗಿಟಾರಿನಲ್ಲಿ ಸವಾಲು ಜವಾಬು ಶುರು ಮಾಡಿ ಬಹಳ ಹೊತ್ತು ಎಳೆಯುತ್ತಾರೆ. ಬರೀ ಕೇಳಿದರೆ ಉದ್ದ ಆಯಿತು ಅನ್ನಿಸುತ್ತದೆ. ನೋಡುತ್ತಾ ಕೇಳಿದರೆ ಹಾಗನ್ನಿಸಲ್ಲ, ಅವರ ಮುಖದ ಖುಷಿ ಹಾಗಿದೆ. ಹಾಡಿನ ನಡುವೆ ಆರ್ಬಿಸನ್ ಗಂಟಲಲ್ಲೇ "ಗುರ್ರ್" ಅಂತ ಸದ್ದು ಮಾಡುತ್ತಾರಲ್ಲ, ಅದನ್ನಂತೂ ನಾನು ಎಷ್ಟು ಸಲ ಕೇಳಿದರೂ ಸಾಕಾಗಲ್ಲ.

ಭಾವ, ನಿಮಗೆ ಒಂದೇ ಹಾಡು ಹೇಳುತ್ತೇನೆ, 'ಕ್ಲಾಡೆಟ್'. ಆರ್ಬಿಸನ್ ತಮ್ಮ ಹೆಂಡತಿಯ ಹೆಸರಿನ ಮೇಲೆ ಹರೆಯದಲ್ಲಿ ಬರೆದ ಹಾಡು. 1958ರಲ್ಲಿ ಎವರ್ಲಿ ಬ್ರದರ್ಸ್ ಹಾಡಿದ್ದರು. ಕ್ಲಾಡೆಟ್ 1966ರಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡರು. 1968ರಲ್ಲಿ ಮನೆಗೆ ಬೆಂಕಿ ಬಿದ್ದು ಮೂವರು ಗಂಡುಮಕ್ಕಳಲ್ಲಿ ದೊಡ್ಡವರಿಬ್ಬರು ಹೋದರು. ಇಷ್ಟೆಲ್ಲ ಆದ ಮನುಷ್ಯ ಆ ಹೆಸರನ್ನು ಅವತ್ತು ಅಳುಮುಖದಲ್ಲಿ ಹಾಡುವುದಿಲ್ಲ. ಬರೆದಾಗಿದ್ದ ಹಾಗೇ, ಜೋರು ನಡೆಯಲ್ಲಿ, ಖುಷಿಯಿಂದ ಹಾಡುತ್ತಾರೆ. ಕನ್ನಡಕದ ಹಿಂದೆ ಏನಿತ್ತೋ, ದನಿಯಲ್ಲಿ ಮಾತ್ರ ಒಂದಿಷ್ಟೂ ನಡುಕ ಇಲ್ಲ. ನನಗೆ ಗಂಟಲು ಕಟ್ಟುವುದು ಅಲ್ಲಿಯೇ.

ಈ ಕಾರ್ಯಕ್ರಮ 1988ರ ಜನವರಿಯಲ್ಲಿ ಟಿವಿಯಲ್ಲಿ ಬಂತು. ಅದೇ ವರ್ಷ ಡಿಸೆಂಬರ್ 6ರಂದು ಅವರು ಹೃದಯಾಘಾತದಿಂದ ತೀರಿಕೊಂಡರು, 52ನೇ ವಯಸ್ಸಿಗೆ. ಆಲ್ಬಮ್ಮಾಗಿ ಇದು ಹೊರಬಂದಿದ್ದು 1989ರಲ್ಲಿ. ಹಾಗಾಗಿ ಅವರ ಕೊನೆಗಾಲದ ದನಿ ಹೀಗಿತ್ತು ಅಂತ ನಾವು ತಿಳಿಯಲು ಇದೊಂದು ಒಳ್ಳೆಯ ದಾಖಲೆ.

ಪುಟ್ಟಾ, ಇನ್ನೊಂದು ಸಲ ಕೇಳು, ಆದರೆ ಈ ಸಲ ಸ್ಕ್ರೀನ್ ಆರಿಸಿಬಿಡು. ಹೆಡ್‌ಫೋನ್ ಹಾಕಿಕೊಂಡು ಮೊದಲು 'ರನ್ನಿಂಗ್ ಸ್ಕೇರ್ಡ್', ಆಮೇಲೆ 'ಇಟ್ಸ್ ಓವರ್'. ಎರಡರಲ್ಲೂ ಕೊನೆಯ ಅರ್ಧ ನಿಮಿಷಕ್ಕೆ ಗಮನ ಕೊಡು. ವಿಡಿಯೋ ಆಮೇಲೆ ನೋಡು. ಆಗಲೂ ಅವರು ಬರೀ ನಿಂತಿದ್ದಾರೆ ಅಂತಲೇ ಅನ್ನಿಸಿದರೆ ಇಲ್ಲೇ ಬರೆ, ನಾನು ಬೇಜಾರು ಮಾಡಿಕೊಳ್ಳಲ್ಲ. ಆದರೆ ಆ ಸ್ವರ ಬರುವಾಗ ನಿನ್ನ ಉಸಿರು ಎಲ್ಲಿ ನಿಂತಿತು ಅಂತ ಮಾತ್ರ ಹೇಳಬೇಕು.