ವಿಮಾನವನ್ನು ಹತ್ತು ನಿಮಿಷ ಟ್ಯಾಕ್ಸಿ ಮಾಡಿದರೆ (ನೆಲದ ಮೇಲೆ ಓಡಿಸಿದರೆ) ಎಡ ಬ್ರೇಕ್ ಹಿಡಿದುಕೊಳ್ಳುತ್ತಿದೆ, ಯಾಕೆ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾನೇ ಕಟ್ಟಿದ ಎರಡು ಸೀಟಿನ ವಿಮಾನದ ಟ್ಯಾಕ್ಸಿ ಟೆಸ್ಟ್ ನಡೆಯುತ್ತಿದೆ. ಮುಂದಿನ ಚಕ್ರಕ್ಕೆ ಸ್ಟೀರಿಂಗ್ ಇಲ್ಲ, ತಾನಾಗಿ ತಿರುಗುವಂಥದ್ದು, ಹಾಗಾಗಿ ನಿಧಾನಕ್ಕೆ ಹೋಗುವಾಗ ತಿರುಗಿಸಲು ಬ್ರೇಕೇ ಗತಿ. ಮೊದಲ ಐದು ನಿಮಿಷ ಏನೂ ತೊಂದರೆ ಇಲ್ಲ. ಆಮೇಲೆ ವಿಮಾನ ಎಡಕ್ಕೆ ಎಳೆಯಲು ಶುರು ಮಾಡುತ್ತದೆ, ನಾನು ಬಲ ಬ್ರೇಕ್ ಒತ್ತಿ ನೇರ ಮಾಡುತ್ತೇನೆ, ಮುಂದಕ್ಕೆ ಹೋಗಲು ಇನ್ನಷ್ಟು ಪವರ್ ಕೊಡಬೇಕಾಗುತ್ತದೆ. ನಿನ್ನೆ ಇಳಿದು ನೋಡಿದರೆ ಎಡ ಡಿಸ್ಕ್ ಹತ್ತಿರ ಕೈ ಒಯ್ಯಲು ಆಗದಷ್ಟು ಬಿಸಿ, ಅಂಚು ನೀಲಿ ತಿರುಗಿತ್ತು. ತಳ್ಳಿದರೆ ಚಕ್ರ ಅಲ್ಲಾಡಲಿಲ್ಲ. ಅರ್ಧ ಗಂಟೆ ಬಿಟ್ಟು ಬಂದರೆ ಆರಾಮಾಗಿ ತಿರುಗುತ್ತಿದೆ! ಎರಡು ಸಲ ಬ್ಲೀಡ್ ಮಾಡಿದೆ (ಬ್ರೇಕ್ ಲೈನಿನ ಗಾಳಿ ತೆಗೆದೆ), ಏನೂ ಬದಲಾಗಲಿಲ್ಲ. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬದಲಿಸಲಾ?

ಉತ್ತರ 1:
ಸರ್, ಕ್ಯಾಲಿಪರ್‌ಗೆ ಈಗಲೇ ದುಡ್ಡು ಹಾಕಬೇಡಿ. ಗಾಳಿ ಸೇರಿದ್ದರೆ ಪೆಡಲ್ ಮೆತ್ತಗಾಗುತ್ತದೆ, ಚಕ್ರ ಹಿಡಿದುಕೊಳ್ಳುವುದಿಲ್ಲ. ಬಿಸಿಯಾದಾಗ ಹಿಡಿದು, ತಣ್ಣಗಾದ ಮೇಲೆ ಬಿಡುತ್ತಿದೆ ಅಂದರೆ ಲೈನಿನಲ್ಲಿ ಒತ್ತಡ ಸಿಕ್ಕಿಕೊಂಡಿದೆ ಅಂತ ನನ್ನ ಅನುಮಾನ. ಪೆಡಲ್ ಪೂರ್ತಿ ಹಿಂದೆ ಬಂದಾಗ ಮಾತ್ರ ಮಾಸ್ಟರ್ ಸಿಲಿಂಡರಿನೊಳಗೆ (ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆ ತಳ್ಳುವ ಪಂಪು) ಎಣ್ಣೆ ಟ್ಯಾಂಕಿಗೆ ವಾಪಸ್ ಹೋಗುವ ದಾರಿ ತೆರೆಯುತ್ತದೆ. ಒಂದೆರಡು ಮಿಲಿಮೀಟರ್ ಕಮ್ಮಿ ಬಂದರೂ ಆ ದಾರಿ ಮುಚ್ಚಿಯೇ ಇರುತ್ತದೆ. ಬಿಸಿಗೆ ಎಣ್ಣೆ ಹಿಗ್ಗುತ್ತದೆ, ಹೋಗಲು ಜಾಗ ಇಲ್ಲ, ಪ್ಯಾಡನ್ನು ಒತ್ತುತ್ತದೆ. ಅದರಿಂದ ಇನ್ನಷ್ಟು ಬಿಸಿ.

ಹೀಗೆ ಪರೀಕ್ಷೆ ಮಾಡಿ. ಎಂಜಿನ್ ನಿಲ್ಲಿಸಿ, ಚಕ್ರಕ್ಕೆ ಅಡ್ಡ ಕೊಟ್ಟು, ಡಿಸ್ಕಿನ ಉರಿ ಬಿಸಿ ಇಳಿಯಲಿ, ಆದರೆ ಚಕ್ರ ಇನ್ನೂ ಹಿಡಿದಿರುವಾಗಲೇ ಕ್ಯಾಲಿಪರಿನಲ್ಲಿ ಎಣ್ಣೆ ಹೊರಬಿಡುವ ಬ್ಲೀಡ್ ನಿಪ್ಪಲ್‌ಗೆ ಪೈಪ್ ಸಿಕ್ಕಿಸಿ ಕಾಲು ಸುತ್ತು ಬಿಚ್ಚಿ. ಎಣ್ಣೆ ಚಿಮ್ಮಿ ಚಕ್ರ ಸಡಿಲವಾದರೆ ತೊಂದರೆ ಮೇಲಿದೆ: ಮಾಸ್ಟರ್ ಸಿಲಿಂಡರ್, ಇಲ್ಲವೇ ಪೂರ್ತಿ ತೆರೆಯದ ಪಾರ್ಕಿಂಗ್ ಬ್ರೇಕ್ ವಾಲ್ವ್. ಸಡಿಲವಾಗದಿದ್ದರೆ ಕ್ಯಾಲಿಪರ್ ಜಾರುವ ಪಿನ್ನುಗಳಿಗೆ ತುಕ್ಕು ಹಿಡಿದಿರಬಹುದು, ಬಿಚ್ಚಿ ಒರೆಸಿ ಒಣ ಲೂಬ್ರಿಕೆಂಟ್ ಹಾಕಿ. ಅಲ್ಲಿಗೆ ಗ್ರೀಸ್ ಬೇಡ, ಧೂಳು ಅಂಟಿ ಮತ್ತೆ ಬಿಗಿಯುತ್ತದೆ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ಅದರ ಜೊತೆ ಐಡಲ್ (ಪವರ್ ಪೂರ್ತಿ ಇಳಿಸಿದಾಗ ಎಂಜಿನ್ ತಿರುಗುವ ವೇಗ) ಎಷ್ಟಿದೆ ನೋಡಿ. ಐಡಲ್ ಜಾಸ್ತಿ ಇದ್ದರೆ ವಿಮಾನ ತಾನೇ ಓಡುತ್ತಿರುತ್ತದೆ, ನಿಮಗೆ ಗೊತ್ತಿಲ್ಲದೆ ಕಾಲು ಬ್ರೇಕ್ ಮೇಲೇ ಇರುತ್ತದೆ. ಹಿಮ್ಮಡಿ ನೆಲಕ್ಕೆ ಊರಿ ಕೂತರೆ ಇದು ತಪ್ಪುತ್ತದೆ.

ನನಗೆ ನಿಜವಾಗಿ ಭಯ ಆಗುವುದು ಬೆಂಕಿಯದ್ದು. ವಿಮಾನದ ಬ್ರೇಕಿಗೆ ಹಾಕುವ ಕೆಂಪು 5606 ಎಣ್ಣೆಯ ಆವಿ ಸುಮಾರು 82 ಡಿಗ್ರಿ ಸೆಲ್ಸಿಯಸ್‌ಗೇ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. 83282 ಎಣ್ಣೆಗೆ ಅದು 200 ಡಿಗ್ರಿ ದಾಟಬೇಕು, ಅದು ಬ್ರೇಕಿನ ನೈಟ್ರೈಲ್ ರಬ್ಬರ್ ಸೀಲುಗಳಿಗೂ ಹೊಂದುತ್ತದೆ, ನಾನು ಅದನ್ನೇ ಹಾಕಿದ್ದೇನೆ. ಕಾರಿನ ಬ್ರೇಕ್ ಎಣ್ಣೆ ಮಾತ್ರ ಹಾಕಬೇಡಿ, ಆ ಸೀಲುಗಳು ಊದಿ ಹಾಳಾಗುತ್ತವೆ. ಕ್ಯಾಲಿಪರ್ ಹತ್ತಿರ ಪ್ಲಾಸ್ಟಿಕ್ ಲೈನ್ ಇದ್ದರೆ ತೆಗೆದುಬಿಡಿ. ಟೆಸ್ಟ್ ಮುಗಿಯುವವರೆಗೆ ಚಕ್ರದ ಕವಚ ಬೇಡ, ಗಾಳಿ ಆಡಲಿ, ಸೋರಿಕೆಯೂ ಕಣ್ಣಿಗೆ ಬೀಳುತ್ತದೆ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗೆ ಇರಲಿ.

ಪ್ರಶ್ನೆ ಕೇಳಿದವರು:
ಇವತ್ತು ನೋಡಿದೆ. ನಿಪ್ಪಲ್ ಬಿಚ್ಚಿದ ತಕ್ಷಣ ಎಣ್ಣೆ ಪಿಚಕ್ಕಂತ ಬಂತು, ಚಕ್ರ ಬಿಟ್ಟಿತು! ಆಮೇಲೆ ಟಾರ್ಚ್ ಹಿಡಿದು ಪೆಡಲ್ ಕೆಳಗೆ ತಲೆ ಹಾಕಿ ಮಲಗಿದೆ. ಎಡ ಪೆಡಲ್ ಹಿಂದೆ ಬರುವಾಗ ಪಕ್ಕದ ಟ್ಯೂಬಿಗೆ ತಾಗಿ ನಿಲ್ಲುತ್ತಿದೆ, ಟ್ಯೂಬಿನ ಬಣ್ಣ ಉಗುರಿನಷ್ಟು ಜಾಗದಲ್ಲಿ ಸವೆದಿದೆ. ಪೆಡಲಿನಿಂದ ಮಾಸ್ಟರ್ ಸಿಲಿಂಡರ್ ಬಿಚ್ಚಿದರೆ ಅದರ ರಾಡ್ ಇನ್ನೂ 2 ಮಿಲಿಮೀಟರ್ ಹೊರಗೆ ಬಂತು. ಬಲಗಡೆ ಇಂಥದ್ದೇನೂ ಇಲ್ಲ. ಇಷ್ಟಕ್ಕೆ ಎರಡು ವಾರ ತಲೆ ಕೆಡಿಸಿಕೊಂಡಿದ್ದೆ. ಪೆಡಲ್ ಸರಿಮಾಡಿ ನಾಳೆಯೇ ಟ್ಯಾಕ್ಸಿ ಮಾಡಬಹುದಾ?

ಉತ್ತರ 1:
ಸಿಕ್ಕಿತಲ್ಲ, ತುಂಬಾ ಖುಷಿಯಾಯಿತು! ಆದರೆ ನಾಳೆ ಬೇಡ ಸರ್. ಡಿಸ್ಕ್ ನೀಲಿ ತಿರುಗುವಷ್ಟು ಕಾದಿದ್ದರೆ ಕ್ಯಾಲಿಪರಿನ ಓ-ರಿಂಗ್ (ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆ) ಗಟ್ಟಿಯಾಗಿರಬಹುದು, ಈಗ ಸೋರದಿದ್ದರೂ ಹೊಸದು ಹಾಕಿ. ಪ್ಯಾಡ್ ಕಾವಿಗೆ ಹಾಳಾಗಿದ್ದರೆ ಅದನ್ನೂ ಬದಲಿಸಿ, ಡಿಸ್ಕ್ ಸೊಟ್ಟಗಾಗಿದೆಯಾ ಅಂತ ಗೇಜ್ ಇಟ್ಟು ನೋಡಿ. ಬ್ಲೀಡ್ ಮಾಡುವಾಗ ಕ್ಯಾಲಿಪರಿನಿಂದ ಮೇಲಕ್ಕೆ ಎಣ್ಣೆ ತಳ್ಳಿ, ಗುಳ್ಳೆ ಹೇಗಿದ್ದರೂ ಮೇಲಕ್ಕೇ ಹೋಗುತ್ತದೆ ಅಲ್ವಾ. ಹೊಸ ಪ್ಯಾಡ್ ಪಳಗಿಸುವ ಕ್ರಮ ಆ ಪ್ಯಾಡಿನ ಜೊತೆ ಬಂದ ಕಾಗದದಲ್ಲಿರುತ್ತದೆ, ಆರ್ಗ್ಯಾನಿಕ್‌ಗೆ ಒಂದು ರೀತಿ, ಮೆಟಾಲಿಕ್‌ಗೆ ಇನ್ನೊಂದು. ಅದೆಲ್ಲ ಮುಗಿದ ಮೇಲೆ ಐದೈದು ನಿಮಿಷ ಓಡಿಸಿ, ಪ್ರತಿ ಸಲ ಇಳಿದು ಎರಡೂ ಚಕ್ರ ಎಷ್ಟು ಬಿಸಿ ಇವೆ ನೋಡಿ ಬರೆದಿಡಿ. ಇಲ್ಲಿಯೂ ಹಾಕಿ, ಕಾಯುತ್ತಿರುತ್ತೇನೆ.