ಸಹಾಯ ಬೇಕು: ಕೊಕ್ಕರೆ ಬೆಳ್ಳೂರಿನ ಮರಿಗಳಿಗೆ ಬಲೆ

ಮದ್ದೂರು ತಾಲ್ಲೂಕಿನ ಈ ಊರಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಮನೆ ಪಕ್ಕದ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಗಾಳಿಗೆ ಮರಿ ಬೀಳುತ್ತವೆ, ಮರದಡಿ ಕಟ್ಟಲು ಬಲೆ ಬೇಕು.

ಹಳೇ ಮೀನುಬಲೆ ದಯವಿಟ್ಟು ಬೇಡ. ಅದರ ತೆಳು ದಾರ ಕಾಲಿಗೆ, ರೆಕ್ಕೆಗೆ ಸುತ್ತಿಕೊಂಡು ಕುಯ್ಯುತ್ತದೆ. ದಪ್ಪ ನೈಲಾನ್ ಹುರಿಯ, ಒಂದಿಂಚಿಗಿಂತ ಚಿಕ್ಕ ಕಣ್ಣಿನ ಬಲೆಯಾಗಬೇಕು. ಬಿಗಿಯಾಗಿ ಎಳೆದು ಕಟ್ಟಿದರೆ ಮರಿ ಪುಟಿದು ಆಚೆ ಬೀಳುತ್ತದೆ. ನಡುವೆ ಜೋತುಬೀಳಬೇಕು, ಆದ್ದರಿಂದ ಅಳತೆಗಿಂತ ನಾಲ್ಕಡಿ ಹೆಚ್ಚಿರಲಿ. 2007ರಿಂದ ಇದು ಸಮುದಾಯ ಮೀಸಲು ಪ್ರದೇಶ, ಅರಣ್ಯ ಇಲಾಖೆಗೆ ಹೇಳದೆ ಯಾರೂ ಕಟ್ಟಬೇಡಿ.

ಹಣ ಕೊಡುವವರು 80ಜಿ (ದಾನಿಗಳಿಗೆ ಆದಾಯ ತೆರಿಗೆ ವಿನಾಯಿತಿ ಸಿಗುವ ನೋಂದಣಿ) ಇರುವ ಸಂಸ್ಥೆಗೇ ಕೊಟ್ಟು ರಸೀದಿ ಪಡೆಯಿರಿ. 2,000 ರೂಪಾಯಿ ಮೀರಿದ ನಗದಿಗೆ ತೆರಿಗೆ ವಿನಾಯಿತಿ ಇಲ್ಲ. ಬಲೆ, ಮರಿಗಳಿಗೆ ತಿನ್ನಲು ಮೀನು ಕೊಟ್ಟರೂ ಇಲ್ಲ (ಪುಣ್ಯ ಮಾತ್ರ!).

ಮೈಸೂರಲ್ಲಿ ಇಂಥ ಬಲೆ ಸಿಗುವ ಅಂಗಡಿ ಗೊತ್ತಿದ್ದವರು ದರ ಸಮೇತ ತಿಳಿಸಿ.