ಗೀಸರ್ ಹಚ್ಚಿದಾಗ ಮಾತ್ರ ನಳದಲ್ಲಿ ವಿಪರೀತ ಪ್ರೆಶರ್, ಏನು ಮಾಡೋದು?

ಪ್ರಶ್ನೆ (ಜೇವರ್ಗಿ ರಸ್ತೆ, ಕಲಬುರಗಿ):
ನಮಸ್ಕಾರ್ರಿ. ಮೇಲಿನ ಮನೆಯ ಬಚ್ಚಲಿನಲ್ಲಿ 25 ಲೀಟರ್ ಗೀಸರ್ ಇದೆ. ಟಾಕಿ ಅಷ್ಟು ಎತ್ತರದಲ್ಲಿಲ್ಲ, ಅದಕ್ಕೇ ಹೋದ ವರ್ಷ ಪ್ರೆಶರ್ ಪಂಪ್ ಹಾಕಿಸಿದೆವು. ಈಗ ಬೆಳಿಗ್ಗೆ ಬಿಸಿನೀರಿನ ನಳ ತಿರುಗಿಸಿದರೆ ಭುಸ್ ಅಂತ ನುಗ್ಗುತ್ತದೆ, ಮರುಕ್ಷಣ ಮಾಮೂಲಿ ಧಾರೆ. ಗೀಸರ್‌ನ ಕನೆಕ್ಷನ್ ಪೈಪ್ ಬೇರೆ ಸೋರುತ್ತಿದೆ. ಬೇಸಿಗೆಯಲ್ಲಿ ಈ ಕಾಟ ಇರಲಿಲ್ಲ. ಪಂಪ್ ಬದಲಿಸಿ ಅಂತಾರೆ ಪ್ಲಂಬರ್.

ಉತ್ತರ:
ಪಂಪ್‌ಗೆ ಕೈ ಹಚ್ಚಬೇಡಿ ಸರ್. ಅದು ಬೇಸಿಗೆಯಲ್ಲೂ ಓಡುತ್ತಿತ್ತು, ಅಲ್ವಾ? ಏಪ್ರಿಲ್-ಮೇನಲ್ಲಿ ನಮ್ಮ ಕಡೆ ಟಾಕಿ ನೀರೇ ಕೈ ಸುಡುತ್ತದೆ, ಗೀಸರ್ ಯಾರು ಹಚ್ಚುತ್ತಾರೆ? ಪ್ರೆಶರ್ ಹುಟ್ಟುತ್ತಿರೋದು ಗೀಸರ್ ಒಳಗೆ.

20 ಡಿಗ್ರಿಯ ನೀರು 60ಕ್ಕೆ ಏರಿದರೆ ಸುಮಾರು ಶೇ. 1.5 ಹಿಗ್ಗುತ್ತದೆ. 25 ಲೀಟರಿಗೆ ಹೆಚ್ಚುಕಡಿಮೆ 380 ಮಿ.ಲೀ., ಎರಡು ಲೋಟ ಅನ್ನಿ. ಹಿಂದಕ್ಕೆ ಹೋಗೋಣ ಅಂದರೆ ದಾರಿಯಲ್ಲಿ ಎನ್‌ಆರ್‌ವಿ (ನೀರನ್ನು ಒಂದೇ ಕಡೆ ಬಿಡುವ ನಾನ್-ರಿಟರ್ನ್ ವಾಲ್ವ್) ಇದೆ. ನಳಗಳೆಲ್ಲ ಬಂದ್. ನೀರನ್ನು ಒತ್ತಿ ಕುಗ್ಗಿಸೋಕೆ ಆಗಲ್ಲ, ಹಾಗಾಗಿ ಪ್ರೆಶರ್ ಸರ್ರನೆ ಏರುತ್ತದೆ. ನಳ ತೆಗೆದು ಸ್ವಲ್ಪ ನೀರು ಬಿಟ್ಟರೆ ಅಷ್ಟೇ ಬೇಗ ಇಳಿಯುತ್ತದೆ. ನಿಮ್ಮ ‘ಭುಸ್’ ಅದೇ.

ಗೀಸರ್ ಕೆಳಗೆ ತಣ್ಣೀರು ಒಳಹೋಗುವಲ್ಲಿ ಸೇಫ್ಟಿ ವಾಲ್ವ್ ಇರುತ್ತದೆ, ಸಣ್ಣ ಲಿವರ್ ಇರೋದು. ನೀರು ಕಾಯುವಾಗ ಅದರಿಂದ ಹನಿ ಬೀಳುತ್ತದಾ?

ಪ್ರಶ್ನೆ ಕೇಳಿದವರು:
ಮೊದಲು ಬೀಳುತ್ತಿತ್ತು. ಕೆಳಗಿನ ಫರಸಿ ಮೇಲೆ ಬಿಳಿ ಕಲೆ ಕಟ್ಟುತ್ತದೆ ಅಂತ ಪ್ಲಂಬರ್ ಅದರ ಬಾಯಿ ಬಂದ್ ಮಾಡಿ ಹೋದರು.

ಉತ್ತರ:
ಅಯ್ಯೋ! ಮೊದಲು ಗೀಸರ್‌ನ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಇಳಿಸಿ. ಇದು ಸುಮ್ನೆ ಹೇಳೋ ಮಾತಲ್ಲ. ನೀರಿನ ಬಿಸಿ ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಕೆಟ್ಟರೆ ಟ್ಯಾಂಕೇ ಸಿಡಿಯಬಹುದು. ಕಾಯುವಾಗ ನಾಲ್ಕು ಹನಿ ಬೀಳೋದು ಸೋರಿಕೆ ಅಲ್ಲ, ಆ ವಾಲ್ವ್‌ನ ಕೆಲಸವೇ ಅದು.

ನೀರು ಪೂರ್ತಿ ಆರಿದ ಮೇಲೆ ಹಳೆಯದನ್ನು ಬಿಚ್ಚಿಸಿ ಹೊಸ ವಾಲ್ವ್ ಹಾಕಿಸಿ. ಗೀಸರ್ ಮೇಲೆ 8 ಬಾರ್ (ಬಾರ್ ಅಂದರೆ ಪ್ರೆಶರ್ ಅಳತೆ) ಅಂತ ಬರೆದಿದ್ದರೆ ವಾಲ್ವ್ ಅದನ್ನು ಮೀರಬಾರದು. ಫರಸಿ ಚಿಂತೆ ಇದ್ದರೆ ಅದರ ಬಾಯಿಗೆ ಸಣ್ಣ ಪೈಪ್ ಕೊಟ್ಟು ಮೋರಿಗೆ ಇಳಿಬಿಡಿ. ಪೈಪಿನ ತುದಿ ಯಾವಾಗಲೂ ತೆರೆದೇ ಇರಲಿ. ಥರ್ಮೋಸ್ಟಾಟ್ 55-60ಕ್ಕೆ ಇಟ್ಟರೆ ಹಿಗ್ಗುವುದೂ ಕಡಿಮೆ, ಉಪ್ಪು ಕಟ್ಟುವುದೂ ಕಡಿಮೆ.

ಮತ್ತೊಬ್ಬರು (ಬೀದರ್):
ಪ್ರೆಶರ್ ಕಡಿಮೆ ಮಾಡುವ ವಾಲ್ವ್ ಪೈಪಿಗೆ ಹಾಕಿದರೆ ಮುಗೀತಲ್ಲ?

ಉತ್ತರ:
ಇಲ್ಲ ಸರ್. ಅದು ಹೊರಗಿಂದ ಬರೋ ಪ್ರೆಶರ್ ಇಳಿಸುತ್ತದೆ. ಇಲ್ಲಿ ಪ್ರೆಶರ್ ಅದನ್ನು ದಾಟಿದ ಮೇಲೆ ಹುಟ್ಟುತ್ತಿದೆ. ಹನಿ ಬೇಡವೇ ಬೇಡ ಅನ್ನೋರು ಎಕ್ಸ್‌ಪಾನ್ಶನ್ ಟ್ಯಾಂಕ್ (ಹಿಗ್ಗಿದ ನೀರಿಗೆ ಜಾಗ ಕೊಡುವ ಸಣ್ಣ ಟ್ಯಾಂಕ್) ಹಾಕಿಸಬೇಕು. ಅದನ್ನೂ ಎನ್‌ಆರ್‌ವಿಗಿಂತ ಹಿಂದೆ ಕೂರಿಸಿದರೆ ದಂಡ, ಎನ್‌ಆರ್‌ವಿ ದಾಟಿ ಗೀಸರ್ ಕಡೆಗೇ ಇರಬೇಕು. ಒಂದು ಗೀಸರಿಗೆ ಅಷ್ಟು ಖರ್ಚು ಯಾಕೆ ಅನ್ನೋದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು:
ಹೊಸ ವಾಲ್ವ್ ಹಾಕಿಸಿದೆ ಅಣ್ಣಾ, ‘ಭುಸ್’ ಬಹಳ ಕಡಿಮೆಯಾಗಿದೆ. ಆದರೆ ಗೀಸರ್ ಬಂದ್ ಇದ್ದಾಗಲೂ ಹನಿ ನಿಲ್ಲುತ್ತಿಲ್ಲ.

ಉತ್ತರ:
ಬೋರ್ ನೀರಿನ ಕಸ ವಾಲ್ವ್ ಮುಚ್ಚಿಕೊಳ್ಳುವ ಸೀಟಿನಲ್ಲಿ ಕೂತಿರಬೇಕು. ನೀರು ತಣ್ಣಗಿದ್ದಾಗ ಲಿವರ್ ಎತ್ತಿ ಒಂದಷ್ಟು ನೀರು ಜೋರಾಗಿ ಹರಿಯಲು ಬಿಡಿ. ಆಮೇಲೂ ಬಿದ್ದರೆ ಪಂಪ್ ಎಷ್ಟು ಬಾರ್ ಕೊಡುತ್ತಿದೆ ಅಂತ ಗೇಜ್ ಹಚ್ಚಿ ನೋಡಿ ಹೇಳಿ.